ಅಗ್ಗವಾದ ಟೀಯನ್ನು ಬಾಸ್ಟನ್ ಜನ ಸಮುದ್ರಕ್ಕೆ ಸುರಿದದ್ದು ಯಾಕೆ?

ಶಾಲೆಯ ಪುಸ್ತಕದಲ್ಲಿ ಈ ಘಟನೆಗೆ ಸಿಗುವುದು ಒಂದೆರಡು ಸಾಲು. ಬ್ರಿಟಿಷರು ಟೀ ಮೇಲೆ ತೆರಿಗೆ ಹಾಕಿದರು, ಅಮೆರಿಕದ ಜನ ರೊಚ್ಚಿಗೆದ್ದು ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. ಓದಿದವರಿಗೆ ಏನನ್ನಿಸುತ್ತದೆ? ಟೀ ತುಟ್ಟಿಯಾಗಿರಬೇಕು, ಅದಕ್ಕೇ ಜನಕ್ಕೆ ಸಿಟ್ಟು ಬಂದಿದೆ ಅಂತ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಆದರೆ 1773ರಲ್ಲಿ ಟೀ ಬೆಲೆ ಇಳಿಯುವುದರಲ್ಲಿತ್ತು. ಕಾನೂನುಬದ್ಧವಾಗಿ ಬಂದ ಒಂದು ಪೌಂಡ್ ಟೀ, ಅಂದರೆ ಹತ್ತಿರ ಹತ್ತಿರ ಅರ್ಧ ಕೆಜಿ, ಅಲ್ಲಿಯವರೆಗೆ ಸುಮಾರು ಮೂರು ಶಿಲ್ಲಿಂಗ್‌ಗೆ ಮಾರಾಟವಾಗುತ್ತಿತ್ತು. ಹೊಸ ಕಾನೂನಿನಿಂದ ಅದು ಎರಡು ಶಿಲ್ಲಿಂಗ್‌ಗೆ ಸಿಗುವಂತಾಯಿತು. ತೆರಿಗೆಯನ್ನೂ ಏರಿಸಿರಲಿಲ್ಲ. ಹಾಗಿದ್ದೂ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಜನ 342 ಪೆಟ್ಟಿಗೆ ಟೀ ಒಡೆದು ನೀರಿಗೆ ಸುರಿದರು. ಕಡಿಮೆ ಬೆಲೆಗೆ ಬರುವ ಟೀಯೂ ಬೇಡ ಅನ್ನುವಷ್ಟು ಸಿಟ್ಟು ಯಾಕೆ? ಇದನ್ನು ಬಿಡಿಸಬೇಕಾದರೆ ಬಾಸ್ಟನ್ ಒಂದನ್ನೇ ನೋಡಿದರೆ ಸಾಲದು. ಲಂಡನ್‌ಗೆ ಹೋಗಬೇಕು, ಬಂಗಾಳಕ್ಕೂ ಬರಬೇಕು. ದಾರಿಯಲ್ಲಿ ನಮ್ಮ ಹೈದರಾಲಿಯೂ ಸಿಗುತ್ತಾನೆ.

ಮೊದಲು ವ್ಯಾಪಾರದ ಕಾನೂನು ನೋಡೋಣ. ಆಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬ್ರಿಟನ್ನಿನ 13 ವಸಾಹತುಗಳಿದ್ದವು. ಅವು ಯಾರ ಜೊತೆ ವ್ಯಾಪಾರ ಮಾಡಬೇಕು, ಯಾವ ಹಡಗಿನಲ್ಲಿ ಸರಕು ಸಾಗಿಸಬೇಕು ಎಂದು 1651ರಿಂದಲೂ ಲಂಡನ್‌ನ ಪಾರ್ಲಿಮೆಂಟ್ ಒಂದರ ಮೇಲೊಂದು ಕಾನೂನು ಮಾಡುತ್ತಾ ಬಂದಿತ್ತು. ಅಲ್ಲಿ ಬೆಳೆದ ಹೊಗೆಸೊಪ್ಪನ್ನು ನೇರವಾಗಿ ಫ್ರಾನ್ಸಿಗೋ ಹಾಲೆಂಡಿಗೋ ಮಾರುವಂತಿಲ್ಲ, ಮೊದಲು ಬ್ರಿಟನ್ನಿಗೆ ಕಳಿಸಬೇಕು. ಯುರೋಪಿನ ಸರಕು ಬೇಕಾದರೂ ಬ್ರಿಟನ್ ಮೂಲಕವೇ ತರಿಸಬೇಕು. 1732ರ ಒಂದು ಕಾನೂನಿನ ಪ್ರಕಾರ ಒಂದು ವಸಾಹತಿನಲ್ಲಿ ತಯಾರಾದ ಟೋಪಿಯನ್ನು ಪಕ್ಕದ ವಸಾಹತಿಗೂ ಕಳಿಸಿ ಮಾರುವಂತಿರಲಿಲ್ಲ. 1750ರ ಇನ್ನೊಂದು ಕಾನೂನು ಕಚ್ಚಾ ಕಬ್ಬಿಣ ಕಳಿಸಿ ಎಂದಿತು, ಆದರೆ ಅದನ್ನು ಸೀಳಿ ಮೊಳೆಗೆ ಸಲಾಕೆ ಮಾಡುವ ಹೊಸ ಕಾರ್ಖಾನೆ ಕಟ್ಟಬೇಡಿ ಎಂದಿತು. ಕಚ್ಚಾ ಮಾಲು ನಿಮ್ಮದು, ಲಾಭ ನಮ್ಮದು. ಈ ಲೆಕ್ಕ ನಮಗೇನೂ ಹೊಸದಲ್ಲ.

ಹಾಗಂತ ಅಮೆರಿಕದವರು ಇದನ್ನೆಲ್ಲ ಚಾಚೂತಪ್ಪದೆ ಪಾಲಿಸುತ್ತಿದ್ದರು ಅಂದುಕೊಳ್ಳಬೇಡಿ. ಕಳ್ಳಸಾಗಣೆ ಜೋರಾಗಿತ್ತು. ಕಾಕಂಬಿ, ಮದ್ಯ, ಟೀ ಎಲ್ಲವೂ ಕತ್ತಲಲ್ಲಿ ದಡ ಸೇರುತ್ತಿದ್ದವು. ಅಧಿಕಾರಿಗಳು ನೋಡಿಯೂ ನೋಡದಂತೆ ಇರುತ್ತಿದ್ದರು. ಹಾಗಾಗಿ ಕಾನೂನು ಬಿಗಿಯಿದ್ದರೂ ಬದುಕು ನಡೆದುಹೋಗುತ್ತಿತ್ತು.

ಈ ಹೊಂದಾಣಿಕೆ ಕೆಟ್ಟದ್ದು 1763ರ ನಂತರ. ಫ್ರಾನ್ಸ್ ಜೊತೆ ಏಳು ವರ್ಷ ಯುದ್ಧ ಮಾಡಿ ಗೆದ್ದ ಬ್ರಿಟನ್ನಿನ ತಲೆಯ ಮೇಲೆ ಸುಮಾರು 13 ಕೋಟಿ ಪೌಂಡ್ ಸಾಲ ಕೂತಿತ್ತು. ಅಮೆರಿಕದಲ್ಲಿ ಸೈನ್ಯ ಇಟ್ಟುಕೊಳ್ಳುವ ಖರ್ಚು ಬೇರೆ. ಲಂಡನ್‌ನವರ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ನಿಮ್ಮನ್ನು ಕಾಯಲು ಇಷ್ಟು ಖರ್ಚು ಮಾಡಿದ್ದೇವೆ, ಸ್ವಲ್ಪವಾದರೂ ನೀವು ಕೊಡಬೇಡವೇ ಎಂದು ಅವರು ಕೇಳಿದರು. ಆಗ ಬ್ರಿಟನ್ನಿನ ಸಾಮಾನ್ಯ ಮನುಷ್ಯ ಅಮೆರಿಕದವನಿಗಿಂತ ಎಷ್ಟೋ ಜಾಸ್ತಿ ತೆರಿಗೆ ಕಟ್ಟುತ್ತಿದ್ದದ್ದೂ ನಿಜ.

1764ರಲ್ಲಿ ಸಕ್ಕರೆ ಮತ್ತು ಕಾಕಂಬಿಯ ಸುಂಕ ಬಂತು. ಅದನ್ನು ಈ ಸಲ ಬಿಗಿಯಾಗಿ ವಸೂಲಿ ಮಾಡಲು ಹೊರಟರು. 1765ರಲ್ಲಿ ಸ್ಟಾಂಪ್ ಕಾನೂನು ಬಂತು. ನಮಗೆ ಛಾಪಾ ಕಾಗದ ಗೊತ್ತಿದೆಯಲ್ಲ, ಅದೇ ತರಹ. ಕೋರ್ಟಿನ ಕಾಗದ, ಉಯಿಲು, ಪತ್ರಿಕೆ, ಕಾಲೇಜಿನ ಪದವಿ ಪತ್ರ, ಕಡೆಗೆ ಇಸ್ಪೀಟ್ ಎಲೆಗೂ ಮುದ್ರೆ ಬೇಕು, ಮುದ್ರೆಗೆ ದುಡ್ಡು ಕೊಡಬೇಕು. ಊರೂರಲ್ಲಿ ಗಲಾಟೆಯಾಯಿತು. ಮುದ್ರೆ ಮಾರಬೇಕಾದ ಏಜೆಂಟರು ಹೆದರಿ ರಾಜೀನಾಮೆ ಕೊಟ್ಟರು. 1766ರಲ್ಲಿ ಕಾನೂನು ವಾಪಸ್ ಹೋಯಿತು. ಆದರೆ ಅದರ ಜೊತೆಗೇ ಪಾರ್ಲಿಮೆಂಟ್ ಇನ್ನೊಂದು ಕಾನೂನು ಮಾಡಿ, ವಸಾಹತುಗಳ ಯಾವ ವಿಷಯದಲ್ಲಿ ಬೇಕಾದರೂ ಶಾಸನ ಮಾಡುವ ಹಕ್ಕು ತನಗಿದೆ ಎಂದು ಬರೆದಿಟ್ಟುಕೊಂಡಿತು. ನನ್ನ ಮಟ್ಟಿಗೆ ಇಡೀ ಜಗಳದ ಬೇರು ಇರುವುದು ಆ ಕಾಗದದಲ್ಲಿ.

ಯಾಕೆಂದರೆ ಪ್ರತಿ ವಸಾಹತಿಗೂ ತನ್ನದೇ ಚುನಾಯಿತ ಸಭೆ ಇತ್ತು. ರಸ್ತೆಗೆ, ಗವರ್ನರ್ ಸಂಬಳಕ್ಕೆ, ಯುದ್ಧಕ್ಕೆ ಆ ಸಭೆಯೇ ತೆರಿಗೆ ಹಾಕುತ್ತಿತ್ತು. ಜನ ಅದನ್ನು ಕಟ್ಟುತ್ತಿದ್ದರು. ಲಂಡನ್ ಪಾರ್ಲಿಮೆಂಟಿನಲ್ಲಿ ಮಾತ್ರ ಅಮೆರಿಕದಿಂದ ಆರಿಸಿ ಹೋದವರು ಒಬ್ಬರೂ ಇರಲಿಲ್ಲ. ನಾವು ಆರಿಸದ ಸಭೆ ನಮ್ಮ ಜೇಬಿಗೆ ಕೈ ಹಾಕಬಹುದು ಎಂದಾದರೆ, ಇವತ್ತು ಮೂರು ಪೆನ್ನಿ, ನಾಳೆ ಮೂರು ಪೌಂಡ್. ತಡೆಯುವವರು ಯಾರು? ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಎಂಬ ಪ್ರಸಿದ್ಧ ಘೋಷಣೆಯ ಅರ್ಥ ಇಷ್ಟೇ.

1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ ಮತ್ತು ಟೀ ಮೇಲೆ ಹೊಸ ಸುಂಕಗಳು ಬಂದವು. ಟೀಗೆ ಪೌಂಡ್ ತೂಕಕ್ಕೆ ಮೂರು ಪೆನ್ನಿ, ಅಂದರೆ ಕಾಲು ಶಿಲ್ಲಿಂಗ್. ಮತ್ತೆ ಬಹಿಷ್ಕಾರ. ಬ್ರಿಟಿಷ್ ಬಟ್ಟೆ ಬೇಡ ಎಂದು ಹೆಂಗಸರು ಗುಂಪುಗೂಡಿ ರಾಟೆ ಹಿಡಿದು ನೂಲು ತೆಗೆದರು. ಬಾಸ್ಟನ್‌ಗೆ ಸೈನ್ಯ ಬಂತು. 1770ರ ಮಾರ್ಚ್ 5ರಂದು ಬಾಸ್ಟನ್ ಬೀದಿಯಲ್ಲಿ ಸೈನಿಕರು ಹಾರಿಸಿದ ಗುಂಡಿಗೆ ಐವರು ಬಲಿಯಾದರು. ಅದೇ ದಿನ ಲಂಡನ್‌ನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಈ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಮಂಡಿಸುತ್ತಿದ್ದರು. ಸುದ್ದಿ ಸಮುದ್ರ ದಾಟಲು ವಾರಗಟ್ಟಲೆ ಬೇಕಾಗಿದ್ದ ಕಾಲ. ಇವರ ಸಾವು ಅವರಿಗೆ ಗೊತ್ತಿಲ್ಲ, ಅವರ ರಿಯಾಯಿತಿ ಇವರಿಗೆ ಗೊತ್ತಿಲ್ಲ.

ಎಲ್ಲ ಸುಂಕ ತೆಗೆದರು, ಟೀ ಸುಂಕ ಒಂದನ್ನು ಮಾತ್ರ ಉಳಿಸಿಕೊಂಡರು. ತೆರಿಗೆ ಹಾಕುವ ಹಕ್ಕು ನಮಗಿದೆ ಎಂದು ತೋರಿಸಲು ಒಂದಾದರೂ ಇರಲಿ ಅಂತ. ಅಮೆರಿಕದ ಬಹಳ ಜನ ಡಚ್ಚರಿಂದ ಕಳ್ಳಸಾಗಣೆಯಲ್ಲಿ ತರಿಸಿದ ಟೀ ಕುಡಿದುಕೊಂಡು ಸುಮ್ಮನಾದರು. ಮೂರು ವರ್ಷ ಹಾಗೇ ಕಳೆಯಿತು.

ಕಂಪನಿಯ ಸಂಕಟ

ಇನ್ನು ನಮ್ಮ ಕಡೆಗೆ ಬರೋಣ. 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ದಿವಾನಿ ಸಿಕ್ಕಿತು, ಅಂದರೆ ಕಂದಾಯ ವಸೂಲಿಯ ಹಕ್ಕು. ಲಂಡನ್‌ನಲ್ಲಿ ಕಂಪನಿ ಶೇರುಗಳ ಬೆಲೆ ಏರಿತು. ಬಂಗಾಳದ ರೈತ ಕಟ್ಟಿದ ದುಡ್ಡಿನಲ್ಲೇ ಸರಕು ಕೊಂಡು ಯುರೋಪಿನಲ್ಲಿ ಮಾರಬಹುದು, ಅದೇ ದುಡ್ಡಿನಲ್ಲಿ ಚೀನಾದ ಕ್ಯಾಂಟನ್ ಬಂದರಿನಿಂದ ಟೀ ತರಬಹುದು ಎಂಬ ಲೆಕ್ಕ. ಆಗ ಅಸ್ಸಾಂ ಟೀ ಇರಲಿಲ್ಲ, ನೀಲಗಿರಿ ಟೀಯೂ ಇರಲಿಲ್ಲ. ಬಾಸ್ಟನ್ ನೀರಿಗೆ ಬಿದ್ದದ್ದು ಪೂರ್ತಿ ಚೀನಾದ ಟೀ. ಅದರಲ್ಲಿ ಜಾಸ್ತಿ ಬೊಹಿಯಾ ಎಂಬ ಕಪ್ಪು ಟೀ.

ಈ ಲೆಕ್ಕಕ್ಕೆ ಮೊದಲ ಪೆಟ್ಟು ಕೊಟ್ಟವನು ಮೈಸೂರಿನ ಹೈದರಾಲಿ. 1767ರಲ್ಲಿ ಶುರುವಾದ ಯುದ್ಧದಲ್ಲಿ ಅವನ ಕುದುರೆಪಡೆ ಕಂಪನಿಯ ಸೀಮೆಯ ಒಳಕ್ಕೆ ನುಗ್ಗಿತು. 1769ರ ಮಾರ್ಚ್‌ನಲ್ಲಿ ಅವನು ಮದ್ರಾಸಿನ ಬಾಗಿಲಿಗೇ ಬಂದು ನಿಂತ. ಕಂಪನಿ ಸಂಧಿಗೆ ಕೈ ಚಾಚಬೇಕಾಯಿತು. ಯುದ್ಧದ ಕೆಟ್ಟ ಸುದ್ದಿ ಆ ವರ್ಷ ಲಂಡನ್ ಮುಟ್ಟಿದ್ದೇ ಕಂಪನಿಯ ಶೇರು ಬೆಲೆ ದಢಾರನೆ ಬಿತ್ತು. ಹೈದರಾಲಿಯ ಒಂದು ದಾಳಿ ಲಂಡನ್‌ನ ಶೇರುಪೇಟೆಯನ್ನು ನಡುಗಿಸಿತು ಎಂದು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಬಂದದ್ದು ಬಂಗಾಳದ ಕ್ಷಾಮ. 1769ರಲ್ಲಿ ಮಳೆ ಕೈಕೊಟ್ಟಿತು, 1770ರಲ್ಲಿ ಲಕ್ಷ ಲಕ್ಷ ಜನ ಹಸಿವಿನಿಂದ ಸತ್ತರು. ಜನ ಸಾಯುತ್ತಿದ್ದರೂ ಕಂದಾಯ ವಸೂಲಿ ನಿಲ್ಲಲಿಲ್ಲ. 1771ರಲ್ಲಿ ವಸೂಲಾದ ಕಂದಾಯ ಕ್ಷಾಮಕ್ಕೆ ಮೊದಲಿನ 1768ಕ್ಕಿಂತ ಜಾಸ್ತಿಯೇ ಇತ್ತು ಎಂದು ಗವರ್ನರ್ ವಾರನ್ ಹೇಸ್ಟಿಂಗ್ಸ್ ಸ್ವತಃ ಮೇಲಿನವರಿಗೆ ಬರೆದ. ಸತ್ತವರ ಪಾಲಿನ ತೆರಿಗೆಯನ್ನು ಬದುಕಿದವರಿಂದ ಕಿತ್ತಿದ್ದರು. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಷ್ಟಾದರೂ ಕಂಪನಿ ಚೇತರಿಸಿಕೊಳ್ಳಲಿಲ್ಲ. ಯುದ್ಧದ ಖರ್ಚು, ನೌಕರರ ಲೂಟಿ, ಶೇರುದಾರರಿಗೆ ಹಂಚಿದ ಲಾಭಾಂಶ ಎಲ್ಲ ಸೇರಿ ಬೊಕ್ಕಸ ಬರಿದಾಯಿತು. 1772ರಲ್ಲಿ ಲಂಡನ್‌ನ ಬ್ಯಾಂಕುಗಳು ಕುಸಿದಾಗ ಸಾಲ ಹುಟ್ಟುವುದೂ ನಿಂತಿತು. ಗೋದಾಮಿನಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಟೀ ಕೊಳೆಯುತ್ತಿತ್ತು. ಪಾರ್ಲಿಮೆಂಟಿನ ಎಷ್ಟೋ ಸದಸ್ಯರೇ ಕಂಪನಿಯ ಶೇರುದಾರರು. ಮುಳುಗಲು ಬಿಡುವ ಹಾಗಿರಲಿಲ್ಲ. 1773ರಲ್ಲಿ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು, ಕಂಪನಿಯ ಆಡಳಿತಕ್ಕೆ ಲಗಾಮು ಹಾಕುವ ಕಾನೂನನ್ನೂ ಮಾಡಿತು. ಗೋದಾಮಿನ ಟೀ ಖಾಲಿ ಮಾಡಲು ಮಾಡಿದ್ದೇ ಆ ಮೇ ತಿಂಗಳ ಟೀ ಕಾನೂನು.

ಎರಡು ಶಿಲ್ಲಿಂಗ್‌ನ ಲೆಕ್ಕ

ಅದಕ್ಕೂ ಮೊದಲು ಒಂದು ಟೀ ಪೆಟ್ಟಿಗೆ ಹೇಗೆ ಸಾಗುತ್ತಿತ್ತು ನೋಡಿ. ಕ್ಯಾಂಟನ್‌ನಿಂದ ಲಂಡನ್‌ಗೆ ಬರುತ್ತದೆ. ಅಲ್ಲಿ ಸುಂಕ. ಕಂಪನಿ ಅದನ್ನು ಹರಾಜಿನಲ್ಲೇ ಮಾರಬೇಕು. ಲಂಡನ್ ಸಗಟು ವ್ಯಾಪಾರಿ ಕೊಳ್ಳುತ್ತಾನೆ, ತನ್ನ ಲಾಭ ಇಟ್ಟು ಅಮೆರಿಕಕ್ಕೆ ಕಳಿಸುತ್ತಾನೆ. ಅಲ್ಲಿನ ಸಗಟು ವ್ಯಾಪಾರಿಯದ್ದು ಇನ್ನೊಂದು ಲಾಭ. ಬಂದರಿನಲ್ಲಿ ಮೂರು ಪೆನ್ನಿ ಸುಂಕ. ಕೊನೆಗೆ ಅಂಗಡಿ. ಇಷ್ಟು ಕೈ ದಾಟಿದ ಟೀ ಮೂರು ಶಿಲ್ಲಿಂಗ್ ಆಗುತ್ತಿತ್ತು. ಡಚ್ಚರ ಕಳ್ಳ ಟೀ ಎರಡು ಶಿಲ್ಲಿಂಗ್ ಒಂದು ಪೆನ್ನಿಗೆ ಸಿಗುತ್ತಿತ್ತು.

ಹೊಸ ಕಾನೂನು ಲಂಡನ್ ಸುಂಕವನ್ನು ಪೂರ್ತಿ ವಾಪಸ್ ಕೊಟ್ಟಿತು. ಹರಾಜು ಬೇಡ, ಕಂಪನಿಯೇ ನೇರವಾಗಿ ಅಮೆರಿಕಕ್ಕೆ ಕಳಿಸಿ ತನ್ನ ಏಜೆಂಟರ ಮೂಲಕ ಮಾರಲಿ ಎಂದಿತು. ಬೆಲೆ ಎರಡು ಶಿಲ್ಲಿಂಗ್‌ಗೆ ಇಳಿಯಿತು, ಕಳ್ಳ ಟೀಗಿಂತ ಒಂದು ಪೆನ್ನಿ ಕಡಿಮೆ. ಆದರೆ ಅಮೆರಿಕದ ಬಂದರಿನ ಆ ಮೂರು ಪೆನ್ನಿ ಮಾತ್ರ ಹಾಗೇ ಉಳಿಯಿತು. ಅದನ್ನೂ ತೆಗೆದುಬಿಡಿ ಎಂದು ಪಾರ್ಲಿಮೆಂಟಿನಲ್ಲೇ ಕೆಲವರು ಹೇಳಿದರು. ಲಾರ್ಡ್ ನಾರ್ತ್ ಒಪ್ಪಲಿಲ್ಲ.

ಬಾಸ್ಟನ್‌ನವರಿಗೆ ಈ ಅಗ್ಗದ ಬೆಲೆ ಗಾಳಕ್ಕೆ ಚುಚ್ಚಿದ ಎರೆಹುಳುವಿನ ಹಾಗೆ ಕಂಡಿತು. ಟೀ ಕೊಂಡರೆ ಮೂರು ಪೆನ್ನಿ ಕಟ್ಟಿದಂತೆ. ಕಟ್ಟಿದರೆ ಲಂಡನ್‌ಗೆ ತೆರಿಗೆ ಹಾಕುವ ಹಕ್ಕಿದೆ ಎಂದು ಒಪ್ಪಿದಂತೆ. ಆ ದುಡ್ಡು ಹೋಗುತ್ತಿದ್ದದ್ದಾದರೂ ಎಲ್ಲಿಗೆ? ಗವರ್ನರ್ ಮತ್ತು ನ್ಯಾಯಾಧೀಶರ ಸಂಬಳಕ್ಕೆ. ಮೊದಲು ಅವರಿಗೆ ಸಂಬಳ ಕೊಡುತ್ತಿದ್ದದ್ದು ಜನರ ಸಭೆ. ಸಂಬಳ ಕೊಡುವವರ ಮಾತಿಗೆ ಒಂದು ತೂಕ ಇರುತ್ತದೆ ಅಲ್ವಾ? ಆ ಹಿಡಿತವೇ ಕೈತಪ್ಪುವುದರಲ್ಲಿತ್ತು. ಅಂಕೋಲೆಯ ಕಡಲ ದಂಡೆಯಲ್ಲಿ 1930ರಲ್ಲಿ ಉಪ್ಪಿನ ಕಾನೂನು ಮುರಿದವರ ಕೈಲಿದ್ದ ಉಪ್ಪಿನ ಬೆಲೆಯೂ ದೊಡ್ಡದೇನಲ್ಲ. ಅದನ್ನು ಮಾಡಿಕೊಳ್ಳಬೇಡ ಎನ್ನಲು ನೀನು ಯಾರು ಎಂಬ ಪ್ರಶ್ನೆ ದೊಡ್ಡದಾಗಿತ್ತು.

ವ್ಯಾಪಾರಿಗಳಿಗೆ ಬೇರೆ ಭಯವೂ ಇತ್ತು. ಏಜೆಂಟರಾಗಿ ಆಯ್ಕೆಯಾದವರು ಬೆರಳೆಣಿಕೆಯಷ್ಟು ಮಂದಿ. ಬಾಸ್ಟನ್‌ನಲ್ಲಿ ಅವರ ಪೈಕಿ ಇಬ್ಬರು ಗವರ್ನರ್ ಥಾಮಸ್ ಹಚಿನ್ಸನ್‌ನ ಮಕ್ಕಳೇ. ಇವತ್ತು ಟೀ, ನಾಳೆ ರೇಷ್ಮೆ, ನಾಡಿದ್ದು ಸಾಂಬಾರ ಪದಾರ್ಥ. ಒಂದೇ ಕಂಪನಿ ಎಲ್ಲವನ್ನೂ ನುಂಗಿದರೆ ಉಳಿದವರ ಗತಿಯೇನು? ಕಳ್ಳ ಟೀ ಮಾರುತ್ತಿದ್ದವರಿಗಂತೂ ಸ್ವಂತ ಹೊಟ್ಟೆಯ ಪ್ರಶ್ನೆ. ಅದನ್ನು ಮುಚ್ಚಿಡಬೇಕಾಗಿಲ್ಲ.

ಬಂಗಾಳದ ಸುದ್ದಿಯೂ ಅಲ್ಲಿಗೆ ಮುಟ್ಟಿತ್ತು. ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್ಸನ್ ಆ ವರ್ಷ ಪತ್ರವೊಂದರಲ್ಲಿ ಬಂಗಾಳದ ಕ್ಷಾಮವನ್ನು ಎತ್ತಿ ಹೇಳಿದ. ಭೂಮಿ ಬೆಳೆ ಕೊಡದೆ ಅಲ್ಲ, ಈ ಕಂಪನಿ ಅನ್ನವನ್ನು ಹಿಡಿದಿಟ್ಟುಕೊಂಡದ್ದಕ್ಕೆ ಅಲ್ಲಿ ಜನ ಸತ್ತರು, ಈಗ ಅದರ ಕಣ್ಣು ಅಮೆರಿಕದ ಮೇಲೆ ಬಿದ್ದಿದೆ ಎಂದು ಎಚ್ಚರಿಸಿದ. ಬಂಗಾಳದ ರೈತನ ಸಾವು ಬಾಸ್ಟನ್ ಜಗಳದೊಳಗೆ ಹೀಗೆ ಬಂದು ಸೇರಿತು. ನಮ್ಮ ಪುಸ್ತಕಗಳು ಇವೆರಡನ್ನೂ ಬೇರೆ ಬೇರೆ ಪಾಠಗಳಲ್ಲಿ ಇಡುತ್ತವೆ, ಅದೇ ನನಗೆ ಬೇಸರ.

ಇಪ್ಪತ್ತು ದಿನ, ಮೂರು ಗಂಟೆ

ನವೆಂಬರ್ 28ರಂದು ಡಾರ್ಟ್‌ಮೌತ್ ಎಂಬ ಹಡಗು ಬಾಸ್ಟನ್‌ಗೆ ಬಂತು. ಎಲಿನರ್, ಬೀವರ್ ಎಂಬ ಇನ್ನೆರಡು ಹಿಂದೆಯೇ ಬಂದವು. ನಿಯಮದ ಪ್ರಕಾರ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸುಂಕದ ಅಧಿಕಾರಿಗಳು ಸರಕು ಜಪ್ತಿ ಮಾಡಬಹುದು. ಅಲ್ಲಿಗೆ ಟೀ ದಡ ಸೇರಿದಂತೆಯೇ. ಟೀ ಇಳಿಸಬೇಡಿ, ವಾಪಸ್ ಒಯ್ಯಿರಿ ಎಂದು ಜನ ಹಟ ಹಿಡಿದರು. ಸುಂಕ ಕಟ್ಟದೆ ಹಡಗು ಹೊರಡುವಂತಿಲ್ಲ ಎಂದು ಗವರ್ನರ್ ಹಟ ಹಿಡಿದ. ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಗೆ ಹೊರಟ ಟೀ ಹಡಗುಗಳು ಇಳಿಸದೆಯೇ ಇಂಗ್ಲೆಂಡಿಗೆ ಹಿಂದಿರುಗಿದವು. ಚಾರ್ಲ್ಸ್‌ಟನ್‌ನಲ್ಲಿ ಟೀ ಗೋದಾಮು ಸೇರಿ ಬೀಗ ಬಿತ್ತು. ಬಾಸ್ಟನ್‌ನಲ್ಲಿ ಮಾತ್ರ ಎರಡೂ ಕಡೆ ಯಾರೂ ಸಡಿಲಬಿಡಲಿಲ್ಲ.

ಡಿಸೆಂಬರ್ 16 ಗುರುವಾರ. ಮರುದಿನ ಗಡುವು. ಓಲ್ಡ್ ಸೌತ್ ಸಭಾಭವನದ ಒಳಗೂ ಹೊರಗೂ ಸೇರಿ ಸುಮಾರು 5,000 ಜನ. ಇಡೀ ಊರಿನ ಜನಸಂಖ್ಯೆಯೇ 16,000ದಷ್ಟು. ಡಾರ್ಟ್‌ಮೌತ್‌ನ ಒಡೆಯನ ಮನೆತನದ ಫ್ರಾನ್ಸಿಸ್ ರೋಚ್ ಎಂಬ ಯುವಕನನ್ನು ಕಡೆಯ ಸಲ ಗವರ್ನರ್ ಹತ್ತಿರ ಕಳಿಸಿ ಕಾದರು. ಕತ್ತಲಾದ ಮೇಲೆ ಅವನು ಬರಿಗೈಲಿ ಬಂದ. ಈ ಸಭೆ ಇನ್ನೇನೂ ಮಾಡಲಾಗದು ಎಂದು ಬಾಸ್ಟನ್ ಹೋರಾಟದ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಹೇಳಿದನಂತೆ. ಸ್ವಲ್ಪ ಹೊತ್ತಿಗೆ ಹೊರಗೆ ಕೂಗು ಕೇಳಿಸಿತು. ಜನ ಗ್ರಿಫಿನ್ ದಕ್ಕೆಯ ಕಡೆ ನಡೆದರು.

ಹಡಗು ಹತ್ತಿದವರು ನೂರಕ್ಕೂ ಜಾಸ್ತಿ. ಬಡಗಿಗಳು, ಗಾರೆ ಕೆಲಸದವರು, ಅಚ್ಚುಕೂಟದ ಹುಡುಗರು. ಗುರುತು ಸಿಗದಿರಲೆಂದು ಮುಖಕ್ಕೆ ಮಸಿ ಬಳಿದು, ಕಂಬಳಿ ಹೊದ್ದು, ಅಲ್ಲಿನ ಮೂಲನಿವಾಸಿಗಳಾದ ಮೋಹಾಕ್ ಬುಡಕಟ್ಟಿನವರ ವೇಷ ಹಾಕಿದ್ದರು. ಅವರಲ್ಲಿ ಜಾರ್ಜ್ ಹ್ಯೂಸ್ ಎಂಬ ಬಡ ಚಮ್ಮಾರನೂ ಇದ್ದ. ಕ್ಯಾಪ್ಟನ್ ಹತ್ತಿರ ಹೋಗಿ ಉಗ್ರಾಣದ ಬೀಗದಕೈ ಮತ್ತು ಒಂದು ಡಜನ್ ಮೇಣದಬತ್ತಿ ಕೇಳಿ ತಂದೆ ಎಂದು ಅವನು ಮುದುಕನಾದ ಮೇಲೆ ನೆನಪಿಸಿಕೊಂಡ.

ಕೆಲಸ ಸುಲಭವಿರಲಿಲ್ಲ. ಒಟ್ಟು 92,000 ಪೌಂಡಿಗೂ ಮೀರಿದ ಟೀ, ಅಂದರೆ ಸುಮಾರು 42 ಟನ್. ಭಾಗಿಸಿ ನೋಡಿದರೆ ಪೆಟ್ಟಿಗೆಗೆ ಸರಾಸರಿ 120 ಕೆಜಿ. ಒಳಗೆ ತೇವ ತಾಗದಿರಲೆಂದು ಸೀಸದ ತಗಡಿನ ಹೊದಿಕೆ. ಪೆಟ್ಟಿಗೆಯನ್ನು ರಾಟೆ ಹಗ್ಗದಲ್ಲಿ ಮೇಲೆಳೆಯಬೇಕು, ಕೊಡಲಿಯಿಂದ ಒಡೆಯಬೇಕು, ಸೀಸ ಸೀಳಬೇಕು, ಅಂಚಿನಾಚೆ ಸುರಿಯಬೇಕು. ಆ ಹೊತ್ತಿಗೆ ಸಮುದ್ರ ಇಳಿತದಲ್ಲಿತ್ತು. ನೀರು ಕಡಿಮೆಯಿದ್ದದ್ದಕ್ಕೆ ಟೀ ಹುಲ್ಲಿನ ಬಣವೆಯ ಹಾಗೆ ಹಡಗಿನ ಪಕ್ಕದಲ್ಲಿ ಗುಡ್ಡೆ ಬಿತ್ತು. ಹುಡುಗರು ಕೆಳಗಿಳಿದು ಅದನ್ನು ದೂರಕ್ಕೆ ತಳ್ಳಿದರು. ದಡದಲ್ಲಿ ನಿಂತ ಜನಕ್ಕೆ ಕೇಳುತ್ತಿದ್ದದ್ದು ಕೊಡಲಿ ಏಟಿನ ಸದ್ದು. ಸ್ವಲ್ಪ ದೂರದಲ್ಲೇ ಬ್ರಿಟಿಷ್ ಯುದ್ಧನೌಕೆಗಳಿದ್ದವು. ಯಾರೂ ತಡೆಯಲು ಬರಲಿಲ್ಲ.

ಮೂರು ಗಂಟೆಯಲ್ಲಿ ಮುಗಿಯಿತು. ಟೀ ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ಕೈತಪ್ಪಿ ಮುರಿದ ಒಂದು ಬೀಗಕ್ಕೆ ಬದಲಾಗಿ ಹೊಸ ಬೀಗ ಕಳಿಸಿಕೊಟ್ಟರು. ಕೋಟಿನ ಅಸ್ತರಿಯೊಳಗೆ ಟೀ ತುಂಬಿಕೊಂಡವನೊಬ್ಬ ಸಿಕ್ಕಿಬಿದ್ದು ಒದೆ ತಿಂದ. ಬೆಳಗಾದಾಗ ಟೀ ಇನ್ನೂ ತೇಲುತ್ತಿತ್ತು. ದೋಣಿ ತೆಗೆದುಕೊಂಡು ಹೋಗಿ ಹುಟ್ಟಿನಿಂದ ಬಡಿದು ಬಡಿದು ಮುಳುಗಿಸಿದರು. ಕಂಪನಿ ಹೇಳಿದ ನಷ್ಟ 9,659 ಪೌಂಡ್.

ಈ ಜನ ಎಲ್ಲರ ಸ್ವಾತಂತ್ರ್ಯಕ್ಕೂ ನಿಂತಿದ್ದರು ಅಂತ ನಾನು ಹೇಳಲಾರೆ. ವೇಷಕ್ಕೆ ಮೋಹಾಕರು ಬೇಕಾಗಿದ್ದರು, ನೆಲದ ಪ್ರಶ್ನೆ ಬಂದಾಗ ಆ ಬುಡಕಟ್ಟುಗಳ ಮಾತು ಯಾರಿಗೂ ಬೇಕಾಗಿರಲಿಲ್ಲ. ಅದೇ ಡಾರ್ಟ್‌ಮೌತ್ ಹಡಗಿನಲ್ಲಿ ಟೀ ಜೊತೆಗೆ ಒಂದು ಕವನ ಸಂಕಲನದ ಪ್ರತಿಗಳೂ ಬಂದಿದ್ದವು. ಬರೆದವಳು ಆಫ್ರಿಕಾದಿಂದ ಬಾಲ್ಯದಲ್ಲೇ ಹಿಡಿದು ತಂದು ಬಾಸ್ಟನ್‌ನಲ್ಲಿ ಗುಲಾಮಳಾಗಿ ಮಾರಿದ್ದ ಯುವತಿ. ಸ್ವಾತಂತ್ರ್ಯದ ಭಾಷಣ ನಡೆಯುತ್ತಿದ್ದ ಊರಿನಲ್ಲೇ ಮನುಷ್ಯರನ್ನು ಕೊಂಡು ಮಾರುತ್ತಿದ್ದರು.

ಟೀ ಸುರಿದದ್ದನ್ನು ಅಮೆರಿಕದಲ್ಲೂ ಎಲ್ಲರೂ ಮೆಚ್ಚಲಿಲ್ಲ. ನಷ್ಟ ತುಂಬಿಕೊಡಬೇಕು ಎಂದು ಬೆಂಜಮಿನ್ ಫ್ರಾಂಕ್ಲಿನ್ ಹೇಳಿದ. ಜಾರ್ಜ್ ವಾಷಿಂಗ್ಟನ್‌ಗೂ ಅದು ಸರಿಕಾಣಲಿಲ್ಲ. ಎಲ್ಲರನ್ನೂ ಒಂದುಮಾಡಿದ್ದು ಲಂಡನ್ ಕೊಟ್ಟ ಶಿಕ್ಷೆ. 1774ರ ಜೂನ್ 1ರಿಂದ ಬಾಸ್ಟನ್ ಬಂದರಿಗೇ ಬೀಗ, ಬಾಸ್ಟನ್ ಇದ್ದ ಮ್ಯಾಸಚೂಸೆಟ್ಸ್ ವಸಾಹತಿನ ಸಭೆಯ ಅಧಿಕಾರಕ್ಕೆ ಕತ್ತರಿ. ಟೀ ಸುರಿದವರು ನೂರು ಜನ, ಉಪವಾಸ ಬಿದ್ದದ್ದು ಇಡೀ ಊರು. ಬೇರೆ ವಸಾಹತುಗಳಿಂದ ಅಕ್ಕಿ, ಕುರಿಗಳು ಬಾಸ್ಟನ್‌ಗೆ ಬಂದವು. ಸೆಪ್ಟೆಂಬರ್‌ನಲ್ಲಿ ಅವುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. 1775ರ ಏಪ್ರಿಲ್‌ನಲ್ಲಿ ಗುಂಡು ಹಾರಿತು.

1774ರ ಬೇಸಿಗೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ನನಗೆ ತುಂಬಾ ಇಷ್ಟ. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆಡಮ್ಸ್ ದಿನವಿಡೀ ಕುದುರೆ ಸವಾರಿ ಮಾಡಿ ಸುಸ್ತಾಗಿ ಒಂದು ಮನೆಯಲ್ಲಿ ಇಳಿದುಕೊಂಡ. ಸುಂಕ ಕಟ್ಟದ, ಕದ್ದು ತಂದ ಟೀ ಆಗಿದ್ದರೆ ಒಂದು ಕಪ್ ಸಿಗಬಹುದಾ ಎಂದು ಮನೆಯೊಡತಿಯನ್ನು ಕೇಳಿದ. ಇಲ್ಲಿ ನಾವು ಟೀ ಪೂರ್ತಿ ಬಿಟ್ಟಿದ್ದೇವೆ, ಬೇಕಾದರೆ ಕಾಫಿ ಮಾಡಿಕೊಡುತ್ತೇನೆ ಎಂದಳು ಆಕೆ. ಅವತ್ತಿನಿಂದ ದಿನಾ ಮಧ್ಯಾಹ್ನ ಕಾಫಿಯೇ ಕುಡಿಯುತ್ತಿದ್ದೇನೆ ಎಂದು ಅವನು ಹೆಂಡತಿಗೆ ಕಾಗದ ಬರೆದ.

ಹೈದರಾಲಿಯ ಹೆಸರು ಕೊನೆಗೆ ಅಮೆರಿಕದ ನೀರಿಗೂ ಇಳಿಯಿತು. 1780ರಿಂದ ಅವನು ಮತ್ತೆ ಕಂಪನಿಯ ಮೇಲೆ ಯುದ್ಧ ಹೂಡಿದ್ದ, ಅತ್ತ ಅಮೆರಿಕದವರೂ ಬ್ರಿಟಿಷರ ಜೊತೆ ಕಾದಾಡುತ್ತಿದ್ದರು. ಪೆನ್ಸಿಲ್ವೇನಿಯಾದವರು ತಮ್ಮ ವ್ಯಾಪಾರಿ ಹಡಗುಗಳ ಕಾವಲಿಗೆ ಸಜ್ಜುಮಾಡಿದ ಒಂದು ಹಡಗಿನ ಹೆಸರು ಹೈದರ್ ಆಲಿ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿಯ ನೇತೃತ್ವದಲ್ಲಿ ಅದು ತನಗಿಂತ ಬಲವಾದ ಜನರಲ್ ಮಾಂಕ್ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಕಂಪನಿಯ ಜೊತೆಗಿನ ಯುದ್ಧ ಇನ್ನೂ ನಡೆದಿರುವಾಗಲೇ, ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರಾಲಿ ತೀರಿಕೊಂಡ.